ಡಿಸ್ಚಾರ್ಜ್ ಆದ ಮೇಲಿನ ಮೊದಲ ವಾರ: ಮೈಸೂರಿನ ವಾರ್ಡ್ ನರ್ಸ್ ಒಬ್ಬಳು ಮನೆಯವರಿಗೆ ಹೇಳುವ ಮಾತು

ಬಿಲ್ ಕಟ್ಟುವವರು ಒಬ್ಬರು, ಮನೆಯಲ್ಲಿ ನೋಡಿಕೊಳ್ಳುವವರು ಇನ್ನೊಬ್ಬರು. ಡಿಸ್ಚಾರ್ಜ್ ದಿನ ನನ್ನ ಎದುರು ನಿಲ್ಲುವುದು ಸಾಮಾನ್ಯವಾಗಿ ಹಿರೀಮಗ, ಇಲ್ಲವೇ ಅಳಿಯ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಫೋನು, ಕೆಳಗೆ ಗಾಡಿ ಕಾಯುತ್ತಿರುತ್ತದೆ. ನಾನು ಏನು ಹೇಳಿದರೂ "ಆಯ್ತು ಸಿಸ್ಟರ್, ಆಯ್ತು ಸಿಸ್ಟರ್". ಆದರೆ ಮಾರನೇ ದಿನ ಬೆಳಿಗ್ಗೆ ಅವರಪ್ಪನ ಮೂಗಿನ ಟ್ಯೂಬಿಗೆ ಗಂಜಿ ಹಾಕಬೇಕಾದವಳು ಎಚ್.ಡಿ. ಕೋಟೆ ಕಡೆಯ ಹಳ್ಳಿಯಲ್ಲಿರುವ ಸೊಸೆ. ಆಕೆ ಆ ಟ್ಯೂಬನ್ನು ಇನ್ನೂ ಕಣ್ಣಲ್ಲೇ ಕಂಡಿರುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಡಿಸ್ಚಾರ್ಜ್ ಅನ್ನುವ ಮಾತು ಡಾಕ್ಟರ ಬಾಯಲ್ಲಿ ಬರುವ ಎರಡು ದಿನ ಮೊದಲೇ, ಮನೆಯಲ್ಲಿ ಯಾರು ಕೈಯಾರೆ ಮಾಡಬೇಕೋ ಅವರನ್ನು ವಾರ್ಡಿಗೆ ಕರೆಸಿ. ಹೆಂಡತಿಯೋ, ಸೊಸೆಯೋ, ಪಿಯುಸಿ ಓದುವ ಮೊಮ್ಮಗನೋ, ಯಾರಾದರೂ ಸರಿ. ಅವರು ಒಂದು ಹಗಲು ರೋಗಿಯ ಪಕ್ಕ ಕೂತರೆ ಸಾಕು, ಮೊದಲ ವಾರದ ಅರ್ಧ ಭಯ ಅಲ್ಲೇ ಹೋಗುತ್ತದೆ.

ಬಂದವರು ಸುಮ್ಮನೆ ನೋಡಿಕೊಂಡು ಕೂರಬಾರದು. ನರ್ಸ್ ಮಾಡುವುದನ್ನು ಒಮ್ಮೆ ನೋಡಿ, ಮುಂದಿನ ಸಲ "ಸಿಸ್ಟರ್, ಈ ಸಲ ನಾನು ಹಾಕ್ತೀನಿ, ನೀವು ನೋಡ್ಕೊಳಿ" ಅನ್ನಿ. ಕಲಿಸುವಾಗ ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಕೈ ಮುಂದಿದ್ದರೆ ಅವರು ತಡವರಿಸಿದ ತಕ್ಷಣ ನಾನೇ ಮಾಡಿಬಿಡುತ್ತೇನೆ, ಆಮೇಲೆ ಅವರು ಕಲಿಯುವುದೇ ಇಲ್ಲ. ಕೇಳುವ ಹೊತ್ತು ಮಾತ್ರ ನೋಡಿ ಕೇಳಿ. ಬೆಳಿಗ್ಗೆ ರೌಂಡ್ಸ್ ನಡೆಯುವಾಗ, ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ವಾರ್ಡ್ ಸ್ವಲ್ಪ ತಣ್ಣಗಾಗುತ್ತದೆ, ಆಗ ಬನ್ನಿ. ಗದರಿದರೂ ಬೇಜಾರು ಮಾಡಿಕೊಳ್ಳಬೇಡಿ, ಮತ್ತೆ ಕೇಳಿ. ಅದು ನಿಮ್ಮ ಹಕ್ಕು.

ಆ ದಿನದ ಲೆಕ್ಕ

"ಇವತ್ತು ಕಳಿಸೋಣ" ಎಂದು ಡಾಕ್ಟರ್ ಬೆಳಿಗ್ಗೆ ಒಂಬತ್ತಕ್ಕೆ ಹೇಳಿದರೂ ನೀವು ಹೊರಡುವುದು ಸಂಜೆಗೇ. ಸಮ್ಮರಿ, ಅಂದರೆ ಕಾಯಿಲೆ, ಚಿಕಿತ್ಸೆ, ಮಾತ್ರೆಗಳ ವಿವರ ಬರೆದ ಡಿಸ್ಚಾರ್ಜ್ ಚೀಟಿ, ಟೈಪಾಗಬೇಕು, ಫಾರ್ಮಸಿ ಲೆಕ್ಕ ಮುಗಿಯಬೇಕು, ವಿಮೆ ಇದ್ದರೆ ಒಪ್ಪಿಗೆ ಬರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯಲ್ಲಿ ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಆ ಹಣ ಕಂಪನಿಯದೇ ಹೊಣೆ. ಕೌಂಟರಿನಲ್ಲಿ ಈ ಮಾತು ಎತ್ತಿದರೆ ಫೈಲು ಸ್ವಲ್ಪ ಬೇಗ ಓಡುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಸೇರಿದ್ದರೆ ಆರೋಗ್ಯಮಿತ್ರರನ್ನು, ಅಂದರೆ ಆ ಯೋಜನೆಯವರಿಗೆ ನೆರವಾಗಲು ಆಸ್ಪತ್ರೆಯಲ್ಲೇ ಇರುವವರನ್ನು, ಹುಡುಕಿ. ಆ ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿಯೂ ಸೇರಿದೆ, ಅದನ್ನು ಕೇಳಿ ಪಡೆಯದೆ ಮೆಟ್ಟಿಲಿಳಿಯಬೇಡಿ.

ದೂರದೂರಿನವರು ಮನೆ ತಲುಪುವಾಗ ರಾತ್ರಿ ಒಂಬತ್ತು ದಾಟಿರುತ್ತದೆ, ಊರಿನ ಮೆಡಿಕಲ್ ಶಾಪ್ ಬಾಗಿಲು ಹಾಕಿರುತ್ತದೆ. ಕನಿಷ್ಠ ಮೂರು ದಿನಕ್ಕಾಗುವಷ್ಟು ಮಾತ್ರೆ, ಸಿರಿಂಜ್, ಡೈಪರ್, ಹತ್ತಿ ಎಲ್ಲವೂ ಗಾಡಿ ಹತ್ತುವಾಗಲೇ ನಿಮ್ಮ ಚೀಲದಲ್ಲಿರಲಿ. ರಾತ್ರಿ ಎಂಟರ ಮಾತ್ರೆಯನ್ನು ದಾರಿಯಲ್ಲೇ ಕೊಡಬೇಕಾಗಬಹುದು, ಅದನ್ನು ಬೇರೆ ಕವರಿನಲ್ಲಿ ಇಟ್ಟುಕೊಳ್ಳಿ.

ಸಮ್ಮರಿ ಕೈಗೆ ಬಂದ ಕೂಡಲೇ ಫೋನಿನಲ್ಲಿ ಎಲ್ಲ ಪುಟದ ಫೋಟೋ ತೆಗೆದು ಮನೆಯವರ ವಾಟ್ಸಾಪಿಗೆ ಹಾಕಿ. ಆಮೇಲೆ ಮೂರು ವಿಷಯ ಕೇಳಿ, ಉತ್ತರವನ್ನು ಕನ್ನಡದಲ್ಲೇ ಅದರ ಹಿಂದೆ ಬರೆದುಕೊಳ್ಳಿ: ಮತ್ತೆ ಯಾವತ್ತು ಯಾರಿಗೆ ತೋರಿಸಬೇಕು? ಏನಾದರೆ ಕಾಯದೆ ಓಡಿಬರಬೇಕು? ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು? ಆಸ್ಪತ್ರೆಯ ರಿಸೆಪ್ಷನ್ ನಂಬರ್ ಕೊಟ್ಟರೆ ಒಪ್ಪಬೇಡಿ, ವಾರ್ಡಿನ ನಂಬರ್ ಬೇಕು ಅನ್ನಿ.

ಮಾತ್ರೆಗಳು

ಮನೆಗೆ ಹೋದ ಮೇಲೆ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಹಳೇ ಮಾತ್ರೆ ಡಬ್ಬಿಯಿಂದಲೇ ಶುರುವಾಗುತ್ತವೆ. ಅಪ್ಪ ಮೊದಲೇ ಬಿಪಿಗೆ ಟೆಲ್ಮಾ ತೆಗೆದುಕೊಳ್ಳುತ್ತಿದ್ದರು ಅನ್ನಿ. ಆಸ್ಪತ್ರೆಯ ಸಮ್ಮರಿಯಲ್ಲಿ ಟೆಲ್ಮಿಸಾರ್ಟಾನ್ ಎಂದು ಬರೆದಿರುತ್ತದೆ, ಫಾರ್ಮಸಿಯವರು ಇನ್ನೊಂದು ಕಂಪನಿಯದ್ದು ಕೊಟ್ಟಿರುತ್ತಾರೆ. ಮನೆಯವರು ಹಳೆಯದನ್ನೂ ಕೊಡುತ್ತಾರೆ, ಹೊಸದನ್ನೂ ಕೊಡುತ್ತಾರೆ. ಎರಡೂ ಒಂದೇ ಔಷಧಿ. ನಾಲ್ಕನೇ ದಿನ ಅಪ್ಪ ಬಚ್ಚಲಿನಲ್ಲಿ ತಲೆಸುತ್ತಿ ಬೀಳುತ್ತಾರೆ.

ಆದ್ದರಿಂದ ಹಳೇ ಡಬ್ಬಿಯನ್ನು ಇದ್ದ ಹಾಗೇ ವಾರ್ಡಿಗೆ ತನ್ನಿ. ಒಂದೊಂದನ್ನೇ ಎತ್ತಿ ತೋರಿಸಿ, "ಇದು ಮುಂದುವರಿಸಬೇಕಾ, ನಿಲ್ಲಿಸಬೇಕಾ?" ಎಂದು ಕೇಳಿ. ನಿಲ್ಲಿಸಬೇಕಾದ್ದನ್ನು ಮನೆಗೆ ವಾಪಸ್ ಒಯ್ಯಲೇಬೇಡಿ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಹೆಸರು ಇನ್ನೂ ಬೇರೆ ಕಾಣುತ್ತದೆ. ಗಾಬರಿ ಬೇಡ, ಕಂಪನಿ ಹೆಸರು ಬಿಟ್ಟು ಅದರ ಮೇಲಿರುವ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ಸಮ್ಮರಿಯ ಜೊತೆ ಹೋಲಿಸಿ ನೋಡಿ.

ಚೀಟಿಯಲ್ಲಿ 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ಆದರೆ ಏನಾದಾಗ ಬೇಕು, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ, ಇದನ್ನು ಕೇಳದಿದ್ದರೆ ಆ ಎಸ್‌ಒಎಸ್‌ಗೆ ಅರ್ಥವೇ ಇಲ್ಲ. ಓದು ಬಾರದ ಅಜ್ಜಿ ಮಾತ್ರೆ ಕೊಡುವ ಮನೆಯಾದರೆ ನಾನು ರಟ್ಟಿನ ಮೇಲೆ ಸೂರ್ಯ ಹುಟ್ಟುವುದು, ನೆತ್ತಿಯ ಸೂರ್ಯ, ಚಂದ್ರ, ಮೂರು ಚಿತ್ರ ಬರೆದು ಕೆಳಗೆ ಒಂದೊಂದು ಮಾತ್ರೆಯ ಖಾಲಿ ಪೊರೆಯನ್ನೇ ಅಂಟಿಸಿಕೊಡುತ್ತೇನೆ. ಅಡುಗೆಮನೆ ಗೋಡೆಗೆ ತೂಗು ಹಾಕಿದರೆ ಆಯಿತು. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು ಮತ್ತು ತಾರೀಖು ಇರುವ ತುದಿಯನ್ನು ನಿಮಗೇ ಕೊಡಲು ಹೇಳಿ. ಬರೀ ನಾಲ್ಕು ಬಿಳಿ ಮಾತ್ರೆ ಕೈಗೆ ಬಂದರೆ ಅವು ಯಾವುವು ಎಂದು ನನಗೂ ಗೊತ್ತಾಗುವುದಿಲ್ಲ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಎಕೋಸ್ಪ್ರಿನ್, ಕ್ಲೊಪಿಡೋಗ್ರೆಲ್ ತರಹದ ಮಾತ್ರೆಗಳನ್ನು ಹಲ್ಲು ಕೀಳಿಸಲಿಕ್ಕೆ ಅಂತಲೋ, ಹೊಟ್ಟೆ ಉರಿ ಅಂತಲೋ ತಾವಾಗಿಯೇ ನಿಲ್ಲಿಸಬಾರದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುವವರು ಐಎನ್ಆರ್ ರಕ್ತ ಪರೀಕ್ಷೆಯ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಪರೀಕ್ಷೆ) ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನಾ ಬಸ್ಸಾರು, ಇನ್ನೊಂದು ವಾರ ಸೊಪ್ಪೇ ಇಲ್ಲ ಅನ್ನುವ ಹಾಗಾದರೆ ರಕ್ತದ ಲೆಕ್ಕ ತಪ್ಪುತ್ತದೆ.

ಇನ್ಸುಲಿನ್: ಮುಚ್ಚಳದ ಬಣ್ಣ ನೋಡಿ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ನಮ್ಮಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಬಹಳಷ್ಟು ಒಂದು ಎಂಎಲ್‌ಗೆ 40 ಯೂನಿಟ್ ಇರುವಂಥವು. ಕೆಲವು ಸೀಸೆ, ಮತ್ತೆ ಪೆನ್ನಿಗೆ ಹಾಕುವ ಕಾರ್ಟ್ರಿಜ್, ಒಂದು ಎಂಎಲ್‌ಗೆ 100 ಯೂನಿಟ್ಟಿನವು. ಸಿರಿಂಜೂ ಹಾಗೆಯೇ ಎರಡು ತರಹ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ.

ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಅಂದುಕೊಳ್ಳಿ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ, ಶುಗರ್ ಇಳಿಯುವುದೇ ಇಲ್ಲ. ತಿರುಗುಮುರುಗಾಗಿ 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗಿಬಿಡುತ್ತದೆ, ಮನುಷ್ಯ ಎಚ್ಚರ ತಪ್ಪುತ್ತಾನೆ. ಅಂಗಡಿಯವನು "ಅದು ಸ್ಟಾಕ್ ಇಲ್ಲ, ಇದನ್ನ ತಗೊಳ್ಳಿ, ಎಲ್ಲಾ ಒಂದೇ" ಅಂದರೆ ತೆಗೆದುಕೊಳ್ಳಬೇಡಿ. ಒಂದೇ ಅಲ್ಲ. ಸೀಸೆಯ ಮೇಲಿನ ನಂಬರ್ ಮತ್ತು ಸಿರಿಂಜಿನ ಮೇಲಿನ ನಂಬರ್ ಪ್ರತಿ ಸಲವೂ ಹೊಂದಬೇಕು.

ಇನ್ನೂ ತೆರೆಯದ ಸೀಸೆ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಅಲ್ಲ. ಬಳಸುತ್ತಿರುವುದು ಮನೆಯ ತಂಪು ಮೂಲೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ನೀರು ಹೋಗದ ಸಣ್ಣ ಡಬ್ಬಿಯಲ್ಲಿಟ್ಟು, ನೀರಿರುವ ಮಣ್ಣಿನ ಮಡಕೆಯೊಳಗೆ ಇಡಬಹುದು. ಬೇಸಿಗೆಯಲ್ಲೂ ನಡೆಯುತ್ತದೆ. ಚುಚ್ಚಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಟ್ಟು ಆರೋಗ್ಯ ಕೇಂದ್ರಕ್ಕೆ ಕೊಡಿ, ಕಸದ ಗಾಡಿಯವರ ಕೈಗೆ ಚುಚ್ಚದಿರಲಿ.

ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಶುಗರ್ ಇಳಿದಿದೆ ಎಂದೇ ತಿಳಿಯಿರಿ. ಎಚ್ಚರವಿದ್ದು ನುಂಗಲು ಬರುವುದಾದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹುಯ್ಯಬೇಡಿ, 108ಕ್ಕೆ ಫೋನ್ ಮಾಡಿ.

ಮೂಗಿನ ಟ್ಯೂಬು, ರಾಗಿ ಗಂಜಿ

ಲಕ್ವ ಹೊಡೆದವರು ಮನೆಗೆ ಹೋಗುವಾಗ ಎಷ್ಟೋ ಸಲ ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬು) ಜೊತೆಗೇ ಹೋಗುತ್ತಾರೆ. ಮನೆಯವರಿಗೆ ಇದರಷ್ಟು ಭಯ ಇನ್ನಾವುದಕ್ಕೂ ಇಲ್ಲ. ಮೂರ್ನಾಲ್ಕು ಸಲ ಕೈಯಾರೆ ಹಾಕಿದರೆ ಇದರಷ್ಟು ಸುಲಭವೂ ಇನ್ನೊಂದಿಲ್ಲ.

ಮೊದಲು ಮೂಗಿನ ಹತ್ತಿರ ಟ್ಯೂಬಿನ ಮೇಲೆ ಇರುವ ಗುರುತು ನೋಡಿ. ವಾರ್ಡಿನಿಂದ ಹೊರಡುವಾಗ ಆ ಜಾಗಕ್ಕೆ ಪೆನ್ನಿನಿಂದ ಗೆರೆ ಹಾಕಿಸಿಕೊಳ್ಳಿ. ಗೆರೆ ಹೊರಗೆ ಸರಿದಿದ್ದರೆ ಒಂದು ಹನಿಯನ್ನೂ ಹಾಕಬೇಡಿ, ತುದಿ ಹೊಟ್ಟೆಯಲ್ಲಿ ಇಲ್ಲದಿರಬಹುದು. ತಲೆ ಕಡೆ ದಿಂಬು ಒಟ್ಟಿ ಅರ್ಧ ಕೂರಿಸಿ. ಟ್ಯೂಬನ್ನು ಬೆರಳಲ್ಲಿ ಮಡಚಿ ಹಿಡಿದು ಮುಚ್ಚಳ ತೆಗೆಯಿರಿ, 50 ಎಂಎಲ್ ಸಿರಿಂಜಿನ ದೂಡುವ ಭಾಗ ತೆಗೆದು ಬರೀ ಕೊಳವೆಯನ್ನು ಸಿಕ್ಕಿಸಿ, ಗಂಜಿ ಹುಯ್ದು, ಬೆರಳು ಬಿಡಿ. ತನ್ನಷ್ಟಕ್ಕೆ ಇಳಿಯಲಿ. ನಿಧಾನವಾದರೆ ಸಿರಿಂಜನ್ನು ಸ್ವಲ್ಪ ಮೇಲಕ್ಕೆತ್ತಿ, ಒತ್ತಿ ತಳ್ಳಬೇಡಿ. ಮುಗಿದ ಮೇಲೆ ಕುದಿಸಿ ಆರಿಸಿದ ನೀರು ಹಾಕಿ ಟ್ಯೂಬು ತೊಳೆಯಿರಿ. ಆಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಲಗಿಸಬಾರದು. ಅತ್ತೆ-ಮಾವ "ಬೆನ್ನು ನೋವು, ಮಲಗಿಸು" ಅಂದರೂ ಸರಿ.

ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ, ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಲೇಬೇಕು. ಜರಡಿ ಸಾಲದು, ರಾಗಿಯ ಹೊಟ್ಟು ಟ್ಯೂಬಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಬೇಳೆ ಕಟ್ಟು, ಹಾಲು, ಸೋಸಿದ ತರಕಾರಿ ಸೂಪು ಎಲ್ಲವೂ ನಡೆಯುತ್ತವೆ. ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಡಯಟೀಶಿಯನ್ ಬರೆದುಕೊಟ್ಟಷ್ಟೇ ಕೊಡಿ. ಮಾತ್ರೆಗಳನ್ನು ಒಂದೊಂದಾಗಿ ಪುಡಿ ಮಾಡಿ, ಮಧ್ಯೆ ಮಧ್ಯೆ ನೀರು ಹಾಕಿ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು, ಹೆಸರಿನ ಕೊನೆಯಲ್ಲಿ ಎಸ್ಆರ್, ಎಕ್ಸ್ಆರ್ ಅಂತ ಇರುವ, ನಿಧಾನವಾಗಿ ಕರಗುವ ಮಾತ್ರೆಗಳು ಅಂಥವೇ. ಬದಲಿಗೆ ಏನು ಕೊಡಬೇಕು ಎಂದು ಡಿಸ್ಚಾರ್ಜ್ ಮೊದಲೇ ಕೇಳಿ ಇಟ್ಟುಕೊಳ್ಳಿ.

ಟ್ಯೂಬು ಕಿತ್ತು ಬಂದರೆ ಅಲ್ಲಿ ಯಾರೂ ವಾಪಸ್ ತೂರಿಸಲು ಹೋಗಬೇಡಿ, ಊರಿನ ಕಾಂಪೌಂಡರ್ ಕೈಲೂ ಬೇಡ. ಅಷ್ಟರಲ್ಲಿ "ಒಂದು ಗುಟುಕು ನೀರು ಬಾಯಿಗೇ ಹಾಕೋಣ, ಪಾಪ" ಅನ್ನುವವರು ಬಂದೇ ಬರುತ್ತಾರೆ. ನುಂಗಲು ಬಾರದವರಿಗೆ ಅದು ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಮತ್ತೆ ನಮ್ಮ ವಾರ್ಡಿಗೇ ಬರುತ್ತಾರೆ.

ಮಂಚ, ಬಚ್ಚಲು, ಮೂತ್ರದ ಚೀಲ

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸ್ನಾನ ಮಾಡಿಸುವಾಗ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಮೊಣಕೈ, ಕಿವಿಯ ಹಿಂಭಾಗ ನೋಡಿ. ಕೆಂಪಗಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಅಂತ. ಅಲ್ಲಿ ಉಜ್ಜಬೇಡಿ, ಸ್ಪಿರಿಟ್ ಹಚ್ಚಬೇಡಿ, ಆ ಕಡೆಗೆ ಮಲಗಿಸುವುದನ್ನೇ ನಿಲ್ಲಿಸಿ. ಗಾಳಿ ಹಾಸಿಗೆ, ಕಮೋಡ್ ಕುರ್ಚಿ, ಎತ್ತಿಳಿಸುವ ಮಂಚ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಬಾಡಿಗೆಗೆ ಸಿಗುತ್ತವೆ, ಕೊಂಡು ದುಡ್ಡು ಹಾಳು ಮಾಡಬೇಡಿ. ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಸೊಂಟದ ಮೂಳೆ ಆಪರೇಷನ್ ಆದವರ ಮನೆಯಲ್ಲಿ ಶೌಚಾಲಯ ಹಿತ್ತಿಲಲ್ಲಿದ್ದರೆ, ಅದೂ ಕುಕ್ಕರುಗಾಲಲ್ಲಿ ಕೂರುವಂಥದ್ದಾದರೆ, ಡಿಸ್ಚಾರ್ಜಿಗೆ ಮೊದಲೇ ನಮಗೆ ಹೇಳಿ. ಫಿಸಿಯೋಥೆರಪಿಸ್ಟ್ ಅದಕ್ಕೆ ತಕ್ಕ ಹಾಗೆ ಕಲಿಸುತ್ತಾರೆ. ಹೊಸ್ತಿಲು ದಾಟುವುದನ್ನು, ಎರಡು ಮೆಟ್ಟಿಲು ಹತ್ತುವುದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಮಾಡಿಸಿ ನೋಡಿ.

ಮೂತ್ರದ ಪೈಪ್ ಇದ್ದವರ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ತೂಗಬೇಕು, ಆದರೆ ನೆಲ ಮುಟ್ಟಬಾರದು. ಗಾಡಿಯಲ್ಲಿ ಒಯ್ಯುವಾಗ ತೊಡೆಯ ಮೇಲೆ ಇಟ್ಟುಕೊಂಡು ಕೂರುವವರೇ ಹೆಚ್ಚು, ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಖಾಲಿ ಮಾಡಿ. ಪೈಪನ್ನು ಬದಲಿಸುವ ತಾರೀಖು ಸಮ್ಮರಿಯಲ್ಲಿ ಇರದಿದ್ದರೆ ಬರೆಸಿಕೊಳ್ಳಿ.

ನೆಂಟರು ಬಂದಾಗ

ಕೈಯಲ್ಲಿ ಎಳನೀರು, ಬಾಯಲ್ಲಿ ಸಲಹೆ ಇಲ್ಲದೆ ಯಾರೂ ಬರುವುದಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಶಿಯಂ ಹೃದಯಕ್ಕೇ ಅಪಾಯ. ನಗುತ್ತಾ ತೆಗೆದುಕೊಂಡು ನೀವೇ ಕುಡಿದುಬಿಡಿ. ಹೃದಯ ಸೋತವರಿಗೆ ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ, ದಿನಾ ಬೆಳಿಗ್ಗೆ ಬಯಲಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ತುಂಬಿಕೊಂಡದ್ದು. ಅವತ್ತೇ ಫೋನ್ ಮಾಡಿ. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿ ಅನ್ನುವವರು ಇನ್ನೂ ಇದ್ದಾರೆ. ಅವರ ಜೊತೆ ವಾದ ಬೇಡ, "ಡಾಕ್ಟರ್ ಬೈತಾರೆ" ಅಂದು ನಮ್ಮ ಮೇಲೆ ಹಾಕಿಬಿಡಿ.

ಯಾವಾಗ ಫೋನ್, ಯಾವಾಗ ಗಾಡಿ

ಉಸಿರಾಟ ಜೋರಾದರೆ, ಎದೆ ನೋವು ಬಂದರೆ, ಮುಖ ಒಂದು ಕಡೆ ವಾಲಿದರೆ, ಫಿಟ್ಸ್ ಬಂದರೆ, ರಕ್ತ ನಿಲ್ಲದೆ ಹೋದರೆ, ಎಬ್ಬಿಸಿದರೂ ಏಳದಿದ್ದರೆ ಯಾರನ್ನೂ ಕೇಳುತ್ತಾ ಕೂರಬೇಡಿ, 108. ಆಪರೇಷನ್ ಆದವರ ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೂ ಅವತ್ತೇ ತೋರಿಸಬೇಕು. ಜ್ವರ 100.4 ದಾಟಿದರೆ, ಗಾಯದಲ್ಲಿ ಕೀವು ಬಂದರೆ, ಮೂತ್ರ ಕಡಿಮೆಯಾದರೆ ವಾರ್ಡಿಗೆ ಫೋನ್ ಮಾಡಿ. ಮಲಬದ್ಧತೆ, ನಿದ್ದೆ ಬಾರದ್ದು, ಬಾಯಿ ರುಚಿ ಕೆಟ್ಟದ್ದು ಇವೆಲ್ಲ ಬೆಳಗಾಗುವವರೆಗೆ ಕಾಯಬಲ್ಲವು. ಡ್ರೆಸ್ಸಿಂಗ್, ಇಂಜೆಕ್ಷನ್‌ಗಳಿಗೆ ಮೈಸೂರಿಗೇ ಬರಬೇಕಿಲ್ಲ, ನಿಮ್ಮ ಆಶಾ ಕಾರ್ಯಕರ್ತೆಯ ನಂಬರ್ ಇಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತಾಡಿ.

ಮೂರನೇ ದಿನ ನಾನು ಫೋನ್ ಮಾಡಿದಾಗ "ಹೇಗಿದ್ದಾರೆ?" ಎಂದು ಕೇಳುವುದಿಲ್ಲ. ಕೇಳಿದರೆ "ಪರವಾಗಿಲ್ಲ ಸಿಸ್ಟರ್" ಅಂತ ಫೋನಿಡುತ್ತಾರೆ. "ಇವತ್ತು ಬೆಳಿಗ್ಗೆ ಯಾವ್ಯಾವ ಮಾತ್ರೆ ಕೊಟ್ರಿ, ಎದುರಿಗೆ ಇಟ್ಕೊಂಡು ಓದಿ" ಅನ್ನುತ್ತೇನೆ. ಆಮೇಲೆ ಇನ್ನೊಂದು ಪ್ರಶ್ನೆ, "ರಾತ್ರಿ ನೀವು ಎಷ್ಟು ಹೊತ್ತು ಮಲಗಿದ್ರಿ?" ಆ ಕಡೆ ಸೊಸೆಯೋ ಹೆಂಡತಿಯೋ ಒಂದು ಕ್ಷಣ ಸುಮ್ಮನಾಗುತ್ತಾರೆ. ಹಗಲು ಹೊಲಮನೆ ಕೆಲಸ, ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎರಡೂ ಒಬ್ಬರ ಕೈಲಾಗದು. ರಾತ್ರಿ ಹನ್ನೆರಡು ಮತ್ತು ಎರಡರ ಪಾಳಿ ಮಗ ಮಾಡಲಿ. ಬಿಲ್ ಕಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ನಾನು ಮಗನಿಗೇ ಫೋನ್ ಕೊಡಿಸಿ ಹೇಳಿದ್ದೂ ಉಂಟು.

ಮತ್ತೆ ತೋರಿಸಲು ಬರುವಾಗ ನಿಮ್ಮ ಡಾಕ್ಟರ ಓಪಿಡಿ ಯಾವ ದಿನವೋ ಅವತ್ತೇ ಬನ್ನಿ, ಇಲ್ಲದಿದ್ದರೆ ಕೇಸು ಗೊತ್ತಿಲ್ಲದವರ ಮುಂದೆ ಮೊದಲಿಂದ ಕಥೆ ಹೇಳಬೇಕಾಗುತ್ತದೆ. ಸಮ್ಮರಿ, ತೂಕ ಮತ್ತು ಶುಗರ್ ಬರೆದ ಪುಸ್ತಕ, ಮಾತ್ರೆ ಡಬ್ಬಿ, ಖಾಲಿ ಸ್ಟ್ರಿಪ್‌ಗಳು ಎಲ್ಲವೂ ಬರಲಿ. ನೋಡಿಕೊಳ್ಳುವವರೂ ಬರಲಿ, ಡಾಕ್ಟರ್ ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅವರಿಗೇ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದರೆ ತಿಂಡಿಗೆ ಮುಂಚಿನ ಇನ್ಸುಲಿನ್ನನ್ನು ಮನೆಯಲ್ಲೇ ಚುಚ್ಚಿಕೊಂಡು ಬಸ್ಸು ಹತ್ತಬೇಡಿ. ಸೀಸೆ, ಸಿರಿಂಜ್, ಇಡ್ಲಿ ಡಬ್ಬಿ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ, ರಕ್ತ ಕೊಟ್ಟ ಮೇಲೆ ಇಲ್ಲೇ ಚುಚ್ಚಿಕೊಂಡು ಇಲ್ಲೇ ತಿನ್ನಬಹುದು.